ದಾಮಿಯಾನಾ ಹೊತ್ತ ಲಂಗಗಳು

ದಾಮಿಯಾನಾ ತಾರ್ಕಿ ಯಾರ ಮನೆಗೆ ಹೋದರೂ ಮೊದಲು ಮುದುಕರ ಕೈ ಹಿಡಿಯುತ್ತಾಳೆ. ಮರ್ಯಾದೆಗೆ ಹಿಡಿದಳು ಎಂದು ಅವರು ತಿಳಿಯುತ್ತಾರೆ. ಅವಳು ಮಾತ್ರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಒತ್ತಿ ನೋಡುತ್ತಿರುತ್ತಾಳೆ. ಅಲ್ಲಿ ತುಂಬಿಕೊಂಡಿದ್ದರೆ ಸರಿ, ಗುಳಿ ಬಿದ್ದಿದ್ದರೆ ಇವಳ ಮುಖ ಗಂಟಾಗುತ್ತದೆ. ನನ್ನ ತಮ್ಮನ ಮದುವೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರೆ ಇವಳು ಹುಡುಗಿಯ ತಾತನನ್ನು ಮೂಲೆಗೆ ಕರೆದುಕೊಂಡು ಹೋಗಿ, "ತಾತ, ಬಾಯಲ್ಲಿ ಹಲ್ಲೆಷ್ಟು ಉಳಿದಿವೆ? ಮಾಂಸ ಅಗಿಯೋಕಾಗುತ್ತಾ?" ಎಂದು ಕೇಳಿದಳು. ಬೀಗರು ನನ್ನ ಕಡೆ ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು.

ನಾನು ಇಲಾರಿಯಾ. ಎತ್ತರದ ಬಯಲ ಮೇಲಿನ ಎಲ್ ಆಲ್ತೊ ಪಟ್ಟಣದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತೇನೆ, ಊಟದ ಗಾಡಿಯನ್ನು ವಾರ್ಡಿಗೆ ತಳ್ಳುವವಳೂ ನಾನೇ. ದಾಮಿಯಾನಾ ಅಲ್ಲಿಯ ಡಯಟೀಷಿಯನ್. ವಯಸ್ಸಾದವರು ಬಂದು ಸೇರಿದರೆ ಅವರ ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಅಳೆಯುವುದು ಅವಳ ಕೆಲಸ. ತೂಕ ನೋಡುತ್ತಾಳೆ, ತೋಳಿಗೂ ಮೀನಖಂಡಕ್ಕೂ ಟೇಪು ಸುತ್ತುತ್ತಾಳೆ, ಏನು ತಿಂದರು ಎಷ್ಟು ಬಿಟ್ಟರು ಎಂದು ಕೇಳುತ್ತಾಳೆ. ಹೊಟ್ಟೆಗಿಲ್ಲದ ಮೈಯನ್ನು ಕೊಯ್ದರೆ ಹೊಲಿಗೆ ಹಿಡಿಯುವುದಿಲ್ಲ ಎನ್ನುವುದು ಅವಳ ಒಂದೇ ಮಂತ್ರ. ಡಾಕ್ಟರುಗಳಿಗೆ ಅವಳು ಅಂಗಾಲಿನ ಮುಳ್ಳು. ನನಗೆ ಗೆಳತಿ, ಆದರೂ ದಿನಕ್ಕೊಂದು ಸಲ ಜಗಳವಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುವುದಿಲ್ಲ.

ಅವಳ ಕೆಲಸಕ್ಕೆ ದೊಡ್ಡ ಶತ್ರು ನಮ್ಮ ಹೆಂಗಸರ ಪೊಯೆರಾ. ನೆರಿಗೆ ಹಿಡಿದ ದಪ್ಪ ಉಣ್ಣೆಯ ಲಂಗ, ಅದೂ ಒಂದರ ಮೇಲೊಂದು ನಾಲ್ಕೈದು. ಬಿಚ್ಚಿ ತೂಕಕ್ಕೆ ನಿಲ್ಲಿ ಎಂದರೆ ಅಜ್ಜಿಯರು ಗಂಟು ಕಟ್ಟಿಕೊಂಡು ಮನೆಗೇ ನಡೆದುಬಿಡುತ್ತಾರೆ. ಅದಕ್ಕೆ ನಮ್ಮಲ್ಲಿ ಹಿಂದಿನಿಂದ ಒಂದು ರೂಢಿ: ಲಂಗದ ಬಾಬ್ತು ಮೂರು ಕಿಲೊ ಕಳೆದು ಬರೆದುಕೊಳ್ಳುವುದು. "ಮೂರು ಕಿಲೊ ಅಂತ ಯಾವ ದೇವರು ಬಂದು ಹೇಳಿಹೋದ?" ಎಂದು ದಾಮಿಯಾನಾ ಹಲ್ಲು ಕಡಿಯುತ್ತಿದ್ದಳು. ಅವಳು ಪ್ಯಾಂಟಿನವಳು. ಕಾಲೇಜಿಗೆ ಸೇರಿದ ವರ್ಷ ಹುಡುಗರು ಆಡಿಕೊಂಡು ನಕ್ಕರೆಂದು ಪೊಯೆರಾ ಬಿಟ್ಟವಳು ಮತ್ತೆ ಸೊಂಟಕ್ಕೆ ಸುತ್ತಲಿಲ್ಲ.

ಹಾಗೆಂದು ಊರು ಅವಳನ್ನು ಬಿಟ್ಟಿರಲಿಲ್ಲ. ಅವಳಪ್ಪನ ಹೊಲ ಕಲಾಪಾತ ಎಂಬ ಹಳ್ಳಿಯಲ್ಲಿತ್ತು. ಅಲ್ಲಿ ಭೂಮಿ ಇದ್ದ ಮೇಲೆ ಸರದಿ ಬಂದಾಗ ಒಂದು ವರ್ಷ ಊರ ಹಿರಿತನ ಹೊರಬೇಕು. ಗಂಡ ಮಾಲ್ಕು, ಹೆಂಡತಿ ಮಾಮಾ ತಾಲ್ಯ, ಅಂದರೆ ಊರಿಗೇ ತಾಯಿ. ಕಲಾಪಾತದವರು ಯಾರು ಆಸ್ಪತ್ರೆಗೆ ಬಂದರೂ, "ತಾರ್ಕಿ ಮನೆ ಸರದಿ ಬಾಕಿ ಇದೆ, ಜ್ಞಾಪಕ ಇದೆಯಾ ಮಗಳೇ?" ಎಂದು ಕುಟುಕುತ್ತಿದ್ದರು. "ಜೋಡಿ ಇಲ್ಲದವಳಿಗೆ ಎಲ್ಲಿಯ ಸರದಿ? ಮೊದಲು ಗಂಡು ಹುಡುಕಿಕೊಂಡು ಬನ್ನಿ, ಆಮೇಲೆ ಮಾತು" ಎಂದು ಇವಳು ಜಾರಿಕೊಳ್ಳುತ್ತಿದ್ದಳು.

ಫೆಬ್ರವರಿಯಲ್ಲಿ, ಬಯಲಲ್ಲೆಲ್ಲ ಆಲೂಗಡ್ಡೆ ಹೂ ಬಿಟ್ಟಿದ್ದ ಕಾಲದಲ್ಲಿ, ಅದೇ ಕಲಾಪಾತದಿಂದ ಪೆತ್ರೊನಾ ಕಾಯಿಸಾಯಾ ಎಂಬ ಅಜ್ಜಿಯನ್ನು ತಂದರು. ಹೊಟ್ಟೆ ಡೋಲಿನಂತೆ ಉಬ್ಬಿತ್ತು. ಕರುಳು ತಿರುಚಿಕೊಂಡಿತ್ತು, ಎತ್ತರದ ಬಯಲಿನ ನಮ್ಮ ಜನಕ್ಕೆ ಹೊಸದಲ್ಲದ ಕಾಯಿಲೆ. ಡಾಕ್ಟರ್ ಉರ್ಕೀದಿ ಕೆಳಗಿನಿಂದ ಕೊಳವೆ ತೂರಿಸಿ ಬಿಡಿಸಿದರು. ಅಜ್ಜಿ ಎದ್ದು ಕೂತಳು, ಎರಡು ದಿನಕ್ಕೆ ಓಡಾಡಿದಳು. ಅವಳ ಗಂಡ ದೋನ್ ಮೆಲಿತೋನ್ ಕೆಂಪು ಪಂಚೊ ಕಂಬಳಿ ಹೊದ್ದು, ಎದೆಗೆ ಅಡ್ಡವಾಗಿ ಹಿರಿತನದ ಚಾಟಿ ಕಟ್ಟಿಕೊಂಡು ಮಂಚದ ಪಕ್ಕ ಕದಲದೆ ಕೂತಿದ್ದ. ಆ ವರ್ಷದ ಮಾಲ್ಕು ಅವನೇ, ಮಾಮಾ ತಾಲ್ಯ ಈ ಅಜ್ಜಿ.

"ಬಿಡಿಸಿದ್ದು ತಾತ್ಕಾಲಿಕ ಅಷ್ಟೆ. ಇವತ್ತೋ ನಾಳೆಯೋ ಮತ್ತೆ ತಿರುಚುತ್ತೆ, ಆಗ ಉಳಿಯೋದು ಕಷ್ಟ" ಎಂದರು ಡಾಕ್ಟರ್. "ಗುರುವಾರ ಆ ಭಾಗ ಕತ್ತರಿಸಿ ಜೋಡಿಸಿಬಿಡ್ತೀನಿ. ದಾಮಿಯಾನಾ, ನಿನ್ನ ಅಳತೆ ಮುಗಿಸಿ ಒಪ್ಪಿಗೆ ಕೊಡು."

ತೂಕದ ಯಂತ್ರ ಐವತ್ತೆರಡು ತೋರಿಸಿತು. ಅಜ್ಜಿ ಕುಳ್ಳಿ, ಮೂರು ಕಳೆದರೂ ಏನೂ ಕಡಿಮೆಯಲ್ಲ. ತಟ್ಟೆ ಬೆಳಗಿದ ಹಾಗೆ ಖಾಲಿಯಾಗಿ ವಾಪಸು ಬರುತ್ತಿತ್ತು, ನಾನೇ ಸಾಕ್ಷಿ. "ನೋಡು, ನನ್ನ ಕೈರುಚಿ" ಎಂದು ಬೀಗಿಕೊಂಡೂ ಇದ್ದೆ. ದಾಮಿಯಾನಾ ಅಜ್ಜಿಯ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ. ಆಮೇಲೆ ಬಗ್ಗಿ ಉಣ್ಣೆಯ ಕಾಲುಚೀಲದ ಮೇಲಿಂದಲೇ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ನಿಂತಿತು.

"ಇದು ಕೊಬ್ಬಲ್ಲ, ನೀರು" ಎಂದು ನನ್ನ ಕಿವಿಯಲ್ಲಿ ಅಂದಳು. "ಇಲಾರಿಯಾ, ಈ ಅಜ್ಜಿ ಒಳಗೆ ಏನೂ ಇಲ್ಲ ಕಣೇ."

ಪಕ್ಕದ ಕೋಣೆಯಲ್ಲಿ ಲಂಗ ಬಿಚ್ಚಿ ಇನ್ನೊಮ್ಮೆ ತೂಕಕ್ಕೆ ನಿಲ್ಲಬೇಕು ಎಂದು ಅಜ್ಜಿಯನ್ನು ಎಷ್ಟು ಮೆತ್ತಗೆ ಕೇಳಬಹುದೋ ಅಷ್ಟು ಮೆತ್ತಗೆ ಕೇಳಿದಳು. ಅಜ್ಜಿ ಕೂಗಾಡಲಿಲ್ಲ.

"ಮಗಳೇ, ನೀನು ಕಲಾಪಾತದ ರಕ್ತ ಅಲ್ವಾ? ನಿಂಗೊತ್ತಿಲ್ವಾ? ಇದು ನನ್ನ ಬಟ್ಟೆ ಅಲ್ಲ, ಊರಿಂದು. ನನ್ನ ಮನೆ ಹಾಸಿಗೆ ಬಿಟ್ಟು ಬೇರೆಲ್ಲೂ ಇಳಿಸೋ ಹಾಗಿಲ್ಲ. ಇಳಿಸಿದೆ ಅಂದ್ರೆ ಆಲಿಕಲ್ಲು ಬೀಳುತ್ತೆ. ಆಲೂ ಹೂ ಬಿಟ್ಟಿದೆ. ಊರೆಲ್ಲಾ ಏನು ತಿನ್ನಬೇಕು ವರ್ಷಪೂರ್ತಿ?"

"ಅಜ್ಜಿ, ಬಟ್ಟೆ ತೆಗೆದರೆ ಆಲಿಕಲ್ಲು ಬೀಳುತ್ತಾ?"

"ನಿನ್ನ ಅಪ್ಪ ಹೀಗೆ ಕೇಳ್ತಿರಲಿಲ್ಲ."

ಅಲ್ಲಿಗೆ ಮಾತು ಮುಗಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನು ಗೊಣಗಿದೆ, ದಾಮಿಯಾನಾ ಸುಮ್ಮನಿರು ಎಂದು ನನ್ನ ತೋಳು ಚಿವುಟಿದಳು. ಅವಳಿಗೆ ಒಂದು ಉಪಾಯ ಹೊಳೆದಿತ್ತು. ಅಜ್ಜಿಯನ್ನು ನೋಡಲು ಕಲಾಪಾತದ ಹೆಂಗಸರು ಮೂವರು ಬಂದಿದ್ದರು. ಅವರನ್ನೂ ನನ್ನನ್ನೂ ಯಂತ್ರದ ಸುತ್ತ ನಿಲ್ಲಿಸಿದಳು.

"ಬಿಚ್ಚೋದು ಬೇಡ ಅಜ್ಜಿ. ಸೊಂಟದ ಗಂಟು ಹಾಗೇ ಇರಲಿ. ನಾವು ಬರೀ ಎತ್ತಿ ಹಿಡೀತೀವಿ. ಎತ್ತಬಾರದು ಅಂತೇನೂ ಇಲ್ವಲ್ಲ?"

ಅಜ್ಜಿ ಯೋಚಿಸಿದಳು. "ಎತ್ತಬಾರದು ಅಂತ ಯಾರೂ ಹೇಳಿಲ್ಲ" ಎಂದಳು.

ಪರದೆ ಎಳೆದೆವು. ಅಜ್ಜಿ ಯಂತ್ರದ ಮೇಲೆ ಹತ್ತಿದಳು. ನಾವು ಸುತ್ತಲಿಂದ ಲಂಗಗಳ ಅಂಚು ಹಿಡಿದು ಮೇಲಕ್ಕೆತ್ತಿದೆವು, ಭುಜಕ್ಕೆ ಗಂಟು ಹಾಕಿ ಬೆನ್ನಿಗಿಳಿಬಿಟ್ಟ ಅವಾಯೊ ಬಟ್ಟೆಯ ಭಾರವನ್ನು ದಾಮಿಯಾನಾ ಹಿಂದಿನಿಂದ ಕೈಯಲ್ಲಿ ತಡೆದುಕೊಂಡಳು. ಮುಳ್ಳು ಇಳಿಯತೊಡಗಿತು. ಐವತ್ತಕ್ಕೆ ಬಂತು, ನಲವತ್ತೇಳು, ನಲವತ್ತೈದು. ನನ್ನ ತೋಳು ನೋಯುತ್ತಿತ್ತು. "ಇನ್ನೂ ಮೇಲೆ, ಬಿಡಬೇಡಿ" ಎಂದಳು ದಾಮಿಯಾನಾ. ನಲವತ್ತರ ಹತ್ತಿರ ಬಂದು ಮುಳ್ಳು ನಡುಗುತ್ತಾ ನಿಂತಿತು. ಲಂಗದ ಕೆಳಗೆ ಕಂಡ ತೊಡೆಗಳು ನನ್ನ ಮುಂಗೈಗಿಂತ ದಪ್ಪವಿರಲಿಲ್ಲ. ಆ ಮೂವರು ಹೆಂಗಸರೂ ತಲೆ ತಗ್ಗಿಸಿದರು.

ದಾಮಿಯಾನಾ ಒಪ್ಪಿಗೆ ಕೊಡಲಿಲ್ಲ. ಡಾಕ್ಟರ್ ಉರ್ಕೀದಿ ಕಾರಿಡಾರಿನಲ್ಲಿಯೇ ಸಿಡಿದರು. ಕೆಟ್ಟ ಮನುಷ್ಯನೇನಲ್ಲ, ಆದರೆ ಕೋಪ ಮೂಗಿನ ತುದಿಯಲ್ಲಿ.

"ಕಾಯೋಣ ಅಂತೀಯಲ್ಲ, ನಾಳೆ ಮತ್ತೆ ತಿರುಚಿಕೊಂಡ್ರೆ? ನಿನ್ನ ಟೇಪಿನಲ್ಲಿ ಬಿಚ್ತೀಯಾ?"

"ಗುರುವಾರ ಕೊಯ್ದರೆ ಹೊಲಿಗೆ ಬಿಟ್ಟುಕೊಳ್ಳುತ್ತೆ ಡಾಕ್ಟ್ರೇ. ಆ ಮೈಯಲ್ಲಿ ಕೂಡಿಕೊಳ್ಳೋ ಶಕ್ತಿ ಇಲ್ಲ. ಹೊಟ್ಟೆಯೊಳಗೇ ಸೋರಿ ಸಾಯ್ತಾರೆ."

"ಇವತ್ತು ಸತ್ರೆ ನನ್ನ ಕೈಯಲ್ಲಿ, ನಾಳೆ ಸತ್ರೆ ನಿನ್ನ ಕೈಯಲ್ಲಿ. ಅಷ್ಟೇ ತಾನೇ?"

"ಹೂಂ. ಅಷ್ಟೇ" ಎಂದಳು ದಾಮಿಯಾನಾ.

ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಡಾಕ್ಟರ್ ಕೊನೆಗೆ ಎರಡು ವಾರ ಕೊಟ್ಟರು. ಅಷ್ಟರಲ್ಲಿ ಅಜ್ಜಿಯ ಮೈಗೆ ಕಸುವು ಬರಬೇಕು, ಕರುಳು ಸುಮ್ಮನಿರಬೇಕು. ಎರಡೂ ಆದರೆ ಅಜ್ಜಿ ಬದುಕುತ್ತಾಳೆ.

ದಾಮಿಯಾನಾ ನನ್ನ ಅಡುಗೆಮನೆಯಲ್ಲಿ ಠಿಕಾಣಿ ಹೂಡಿದಳು. ಮೆತ್ತಗೆ ಬೆಂದ ಕಿನೋವಾ, ಮೊಟ್ಟೆ ಕದಡಿದ ಸಾರು, ಹಾಲು, ನುಣ್ಣಗೆ ಅರೆದ ಕೋಳಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ನಾನು ಬೇರೆ ಪಾತ್ರೆಯಲ್ಲಿ ಬೇರೆ ಒಲೆಯ ಮೇಲೆ ಮಾಡಿದೆ, ಗೊಣಗುತ್ತಲೇ ಮಾಡಿದೆ. ತಟ್ಟೆಗಳು ಖಾಲಿ ಬಂದವು. ಕೆಲವು ದಿನ ಕಳೆದು ಮೀನಖಂಡಕ್ಕೆ ಟೇಪು ಸುತ್ತಿದ ದಾಮಿಯಾನಾ ಸೀದಾ ಒಲೆಯ ಮುಂದೆ ಬಂದು ನಿಂತಳು.

"ಸಾರಿಗೆ ನೀರು ಸುರೀತಿದ್ದೀಯಾ?"

"ಏನಂದೆ?"

"ಕಾಲು ಇನ್ನೂ ಇಳಿದಿದೆ. ಊತ ಹೋಗಿದೆ, ಮಾಂಸ ಬಂದಿಲ್ಲ. ನೀನು ಕಳಿಸಿದ್ದೆಲ್ಲ ತಿಂದಿದ್ರೆ ಹೀಗಾಗಲ್ಲ. ಮೊಟ್ಟೆ ಹಾಕ್ತಿದ್ದೀಯೋ ಮನೆಗೆ ಒಯ್ತಿದ್ದೀಯೋ?"

ಕೈಯಲ್ಲಿ ಸೌಟಿತ್ತು. ಹೊಡೆಯಲಿಲ್ಲ, ಅದು ನನ್ನ ದೊಡ್ಡತನ. "ಥೂ ನಿನ್ನ ಬಾಯಿಗೆ ಬೂದಿ ಬೀಳ! ಬಾ ನನ್ನ ಜೊತೆ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಗಾಡಿ ತಳ್ಳಿ ಅಜ್ಜಿಯ ಮುಂದೆ ತಟ್ಟೆ ಇಟ್ಟೆ. ಪ್ರತಿದಿನದಂತೆ ಮುಂದಿನ ವಾರ್ಡಿಗೆ ಹೋಗುವ ಹಾಗೆ ಮಾಡಿ, ಬಾಗಿಲ ಮರೆಯಲ್ಲಿ ಇಬ್ಬರೂ ನಿಂತೆವು.

ಭೇಟಿಯ ಹೊತ್ತು. ಎಲ್ ಆಲ್ತೊದಲ್ಲಿ ನೆಲೆಸಿದ ಕಲಾಪಾತದವರು ಏಳೆಂಟು ಮಂದಿ ಮಂಚದ ಸುತ್ತ ಸೇರಿದ್ದರು. ಊರ ತಾಯಿ ಹುಷಾರಿಲ್ಲದೆ ಮಲಗಿದ್ದಾಳೆ, ಬಂದು ಮುಖ ತೋರಿಸದಿದ್ದರೆ ನಡೆಯುತ್ತದೆಯೇ? ಅಜ್ಜಿ ತಟ್ಟೆ ಎತ್ತಿಕೊಂಡಳು. ಮೊದಲ ಚಮಚ ಹತ್ತಿರದ ಗಂಡಸಿಗೆ. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ. ಮುಂದಿನದು ಅವನ ಹೆಂಡತಿಗೆ. ಹೀಗೆ ಒಬ್ಬೊಬ್ಬರಿಗೂ, ಹೆಸರು ಹಿಡಿದು ಕರೆದು, "ತಿನ್ನು ಮಗನೇ, ದೂರದಿಂದ ಬಂದಿದ್ದೀಯ" ಎನ್ನುತ್ತಾ. ಊರ ತಾಯಿ ಕೊಟ್ಟದ್ದನ್ನು ಬೇಡ ಎನ್ನುವ ಗಂಡೆದೆ ಯಾರಿಗಿದೆ? ತಟ್ಟೆ ಬರಿದಾಯಿತು. ಅಜ್ಜಿ ಅಂಚಿಗೆ ಅಂಟಿದ್ದನ್ನು ಬೆರಳಿಂದ ಸವರಿ ನೆಕ್ಕಿದಳು.

ನನ್ನ ಮೊಟ್ಟೆ, ನನ್ನ ಕೋಳಿ! ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ದಾಮಿಯಾನಾಗೆ ಮಾತ್ರ ಸಿಟ್ಟೇ ಬಂತು. ಅವಳು ನುಗ್ಗಿಬಿಟ್ಟಳು.

"ನಾಚಿಕೆ ಆಗಲ್ವಾ ನಿಮಗೆ? ನೀವು ತಿಂತಿರೋದು ಸಾರಲ್ಲ, ಈ ಅಜ್ಜಿನ! ಚಮಚ ಚಮಚವಾಗಿ ಇವರನ್ನೇ ತಿಂತಿದ್ದೀರ!"

ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಂಡರು. ಪೆತ್ರೊನಾ ಅಜ್ಜಿಯ ಕಣ್ಣು ಕೆಂಪಾಯಿತು.

"ನನ್ನ ಮಕ್ಕಳಿಗೆ ನನ್ನೆದುರೇ ಹೀಗಂತೀಯಾ? ಮಕ್ಕಳು ನೋಡ್ತಾ ಕೂತಿರೋವಾಗ ಯಾವ ತಾಯಿ ತಾನು ಉಣ್ತಾಳೆ? ನಿನ್ನ ತಾಯಿ ಉಂಡಿದ್ಲಾ?"

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಆ ರಾತ್ರಿಯ ಊಟ ಮುಟ್ಟಲಿಲ್ಲ. ಮರುದಿನ ಬೆಳಗಿನದೂ ಮುಟ್ಟಲಿಲ್ಲ. ಬಂದವರೂ ಇಲ್ಲ, ತಿಂದವರೂ ಇಲ್ಲ, ತಟ್ಟೆ ತುಂಬಿದಂತೆಯೇ ವಾಪಸು ಬಂತು. ದಾಮಿಯಾನಾ ಕಟ್ಟೆಯ ಮೇಲೆ ಕೂತು ಆ ತಟ್ಟೆಯನ್ನು ನೋಡುತ್ತಿದ್ದಳು. "ನಾನೇ ಕೊಂದೆ ಅನ್ಸುತ್ತೆ" ಎಂದಳು. ನಾನು ಒಂದು ಲೋಟ ಬಿಸಿ ಚಹಾ ಕೈಗಿಟ್ಟೆ.

ಮಧ್ಯಾಹ್ನ ದೋನ್ ಮೆಲಿತೋನ್ ಅಡುಗೆಮನೆಯ ಬಾಗಿಲಿಗೆ ಬಂದ. ಅವನೂ ಒಣಗಿದ ಕಡ್ಡಿಯೇ. ಸಣ್ಣ ಚೀಲದಿಂದ ಕೋಕಾ ಎಲೆ ತೆಗೆದು ಇಬ್ಬರಿಗೂ ಕೊಟ್ಟ, ನಾವು ಎರಡೂ ಕೈಯಲ್ಲಿ ತೆಗೆದುಕೊಂಡೆವು. ಎಲೆ ಬಾಯಿಗೆ ಹಾಕಿಕೊಂಡ ಮೇಲೆಯೇ ಮಾತು.

"ಸರದಿ ನಮ್ಮದು ಅಂತ ಗೊತ್ತಾದ ದಿನದಿಂದ ಅವಳು ಹೀಗೇ" ಎಂದ. "ಆಲೂ, ಒಣಗಿಸಿಟ್ಟ ಆಲೂ ಚುನ್ಯೊ, ಕುರಿ, ಎಲ್ಲ ಊರಿಗೆ ಅಂತ ಎತ್ತಿಟ್ಲು. ಕಳೆದ ವರ್ಷವೆಲ್ಲ ಗಂಜಿ ಕುಡಿದೇ ಇದ್ಲು. ನಾನು ಬೈದೆ. ಕೇಳೋ ಪೈಕಿ ಅಲ್ಲ. ಆ ಬಟ್ಟೆ ಮೈಮೇಲಿರೋ ತನಕ ಅವಳು ಮೊದಲ ತುತ್ತು ತಿನ್ನಲ್ಲ ಮಗಳೇ. ನೀನು ಕೋಳಿ ಕೊಡು, ಬಂಗಾರ ಕೊಡು."

"ಹಾಗಾದ್ರೆ ಬಟ್ಟೆ ಇಳಿಸಿ ತಾತ."

"ನೆಲಕ್ಕೆ ಇಳಿಸೋ ಹಾಗಿಲ್ಲ. ಇನ್ನೊಬ್ಬಳು ಹೊತ್ತುಕೊಂಡ್ರೆ ಇಳಿಸಬಹುದು. ಸರದಿ ಮುಗಿದವಳು ಎರಡನೇ ಸಲ ಹೊರೋ ಹಾಗಿಲ್ಲ. ಬಾಕಿ ಇರೋಳು ಬೇಕು." ಅವನು ದಾಮಿಯಾನಾಳ ಮುಖ ನೋಡಲಿಲ್ಲ, ನೆಲ ನೋಡಿದ. "ಜೋಡಿ ಇಲ್ಲ ಅನ್ನಬೇಡ. ಮಾಲ್ಕು ನಾನಿದ್ದೀನಿ. ಬಟ್ಟೆ ಹೊತ್ತರೆ ಸಾಕು."

ದಾಮಿಯಾನಾ ಎದ್ದು ಹೊರಟುಹೋದಳು. ತಾತ ಚಾಟಿ ಸರಿಮಾಡಿಕೊಂಡು ಅವನೂ ಹೋದ.

ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಬಟ್ಟೆ ಹೊರುವುದೆಂದರೆ ಉಟ್ಟುಕೊಂಡು ಮೆರೆಯುವುದಲ್ಲ. ಆಸ್ಪತ್ರೆಗೂ ಅದರಲ್ಲೇ ಬರಬೇಕು. ಪೊಯೆರಾ ಬಿಟ್ಟು ಓದಿ ಮೇಲೆ ಬಂದವಳು ಡಾಕ್ಟರುಗಳ ಎದುರು ಮತ್ತೆ ಪೊಯೆರಾದಲ್ಲಿ ನಿಲ್ಲಬೇಕು. ಒಂದು ಕಾಲದಲ್ಲಿ ನಕ್ಕವರ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು, ಅದು ನನಗೆ ಗೊತ್ತು.

ಸಂಜೆ ಅವಳು ಅಜ್ಜಿಯ ಬಳಿ ಹೋಗಿ ಕೈ ಹಿಡಿದಳಂತೆ. ಅಜ್ಜಿ ತಿರುಗಿ ನೋಡಲಿಲ್ಲ, ಕೈಯನ್ನು ಕಿತ್ತುಕೊಳ್ಳಲೂ ಇಲ್ಲ, ಕಿತ್ತುಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ಅಲ್ಲಿಂದ ಬಂದವಳು ನನ್ನ ಮುಂದೆ ನಿಂತಳು.

"ಇಲಾರಿಯಾ, ಪೊಯೆರಾದ ಗಂಟು ಯಾವ ಕಡೆ ಬರಬೇಕು? ಮರೆತುಹೋಗಿದೆ."

ಮರುದಿನ ಪರದೆಯೊಳಗೆ ನಾವೇ ಹೆಂಗಸರು. ಅಜ್ಜಿ ಮೊದಲು ಒಪ್ಪಲಿಲ್ಲ. ವರ್ಷ ಪೂರೈಸದೆ ಕೊಟ್ಟವಳು ಎಂಬ ಹೆಸರು ಬರುತ್ತದೆ ಎಂದು ಅತ್ತಳು. ದಾಮಿಯಾನಾ ಮಂಚದ ಪಕ್ಕ ಮಂಡಿಯೂರಿ, "ನನ್ನ ಅಪ್ಪನ ಸರದಿ ಅಜ್ಜಿ. ನಿಮ್ಮದಲ್ಲ, ನನ್ನದನ್ನೇ ನಾನು ಕೇಳ್ತಿದ್ದೀನಿ" ಎಂದಳು. ಅಜ್ಜಿ ಕಣ್ಣೊರೆಸಿಕೊಂಡಳು.

"ಲಂಗ ಮಾತ್ರ ಕೊಡ್ತೀನಿ. ಮುದುಕ ನನ್ನವನೇ" ಎಂದಳು.

"ಅವರು ನಂಗ್ಯಾಕೆ ಅಜ್ಜಿ, ಅವರಿಗೂ ಹಲ್ಲಿಲ್ಲ" ಎಂದಳು ದಾಮಿಯಾನಾ. ಹೊರಗೆ ಪರದೆಯಾಚೆ ತಾತ ಕೆಮ್ಮಿದ. ಆ ವಾರದಲ್ಲಿ ಮೊದಲ ಸಲ ನಾವು ನಕ್ಕಿದ್ದು.

ಮೊದಲು ಅವಾಯೊ ಈ ಭುಜದಿಂದ ಆ ಭುಜಕ್ಕೆ. ಆಮೇಲೆ ಒಂದೊಂದೇ ಲಂಗ ಈ ಸೊಂಟದಿಂದ ಬಿಚ್ಚಿ, ನೆಲಕ್ಕೆ ತಾಗದಂತೆ, ಆ ಸೊಂಟಕ್ಕೆ. ಅಜ್ಜಿಯ ಮೇಲೆ ಒಂದು ಲಂಗ ಕಡಿಮೆಯಾದಂತೆ ಅವಳು ಚಿಕ್ಕವಳಾಗುತ್ತಾ ಹೋದಳು. ಕಡೆಯದು ಬಿಚ್ಚಿದಾಗ ಆಸ್ಪತ್ರೆಯ ಗೌನಿನೊಳಗೆ ಪಕ್ಕೆಲುಬು, ಮೂಳೆ, ಇಳಿಬಿದ್ದ ಚರ್ಮ. ದಾಮಿಯಾನಾ ಸಾವಿರ ಮುದುಕರನ್ನು ಅಳೆದವಳು, ಅವಳೂ ಮುಖ ತಿರುಗಿಸಿಕೊಂಡು ಅತ್ತಳು. "ಇಷ್ಟು ಭಾರ ಹೊತ್ತು ಹೇಗೆ ನಿಂತಿದ್ರಿ ಅಜ್ಜಿ?" ಎಂದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು.

ನಾನು ಸಾರಿನ ಬಟ್ಟಲು ತಂದು ಅಜ್ಜಿಯ ಕೈಗಿಟ್ಟೆ. ಚಮಚ ಎತ್ತಿದವಳ ಕಣ್ಣು ಅಭ್ಯಾಸದಂತೆ ಸುತ್ತಲೂ ಹೋಯಿತು, ಯಾರಿಗೆ ಮೊದಲು ಎಂದು.

"ಆ ಚಿಂತೆ ಈಗ ನಂದು" ಎಂದಳು ದಾಮಿಯಾನಾ. "ಇವರಿಗೆ ನಾನು ಕೊಡ್ತೀನಿ. ನೀವು ಬರೀ ಒಬ್ಬ ಮುದುಕಿ. ಉಣ್ಣಿ."

ಅಜ್ಜಿ ಉಂಡಳು. ಗೋಡೆ ಕಡೆ ಮುಖ ಮಾಡಿಕೊಂಡು, ಕದ್ದು ತಿನ್ನುವವಳ ಹಾಗೆ, ಆದರೂ ಉಂಡಳು.

ಅಲ್ಲಿಂದ ದಾಮಿಯಾನಾ ಪೊಯೆರಾದ ಮೇಲೆ ಬಿಳಿಕೋಟು ಹಾಕಿಕೊಂಡು ವಾರ್ಡು ಸುತ್ತಿದಳು. ನಗುವವರು ನಕ್ಕರು. ಒಬ್ಬ ಎಳೆಯ ಡಾಕ್ಟರು, "ಏನ್ರೀ, ಕಾರ್ನಿವಾಲ್ ಬೇಗ ಬಂತಾ?" ಎಂದ. "ಬಂತು, ವೇಷ ಹಾಕಿರೋದು ಮಾತ್ರ ನೀವು" ಎಂದು ನಾನೇ ಬಾಯಿ ಮುಚ್ಚಿಸಿದೆ. ಭೇಟಿಗೆ ಬಂದವರಿಗೆಲ್ಲ ಅವಳು ರೊಟ್ಟಿ ಹಂಚುತ್ತಿದ್ದಳು. ಎಲ್ಲರದೂ ಆದ ಮೇಲೆ, ಉಳಿದರೆ, ಅವಳದ್ದು. ಅವಳ ಕೆನ್ನೆ ಇಳಿಯಿತು, ಅಜ್ಜಿಯ ಕೈಯ ಗುಳಿ ತುಂಬತೊಡಗಿತು. ಸೋಮವಾರ ಆಪರೇಷನ್ ಎಂದು ಉರ್ಕೀದಿ ಹೇಳಿದರು.

ಶನಿವಾರ ಮಧ್ಯಾಹ್ನ ಅಜ್ಜಿಯ ಹೊಟ್ಟೆ ಮತ್ತೆ ಉಬ್ಬಿತು.

ಈ ಸಲ ಕೊಳವೆ ಹೋಗಲಿಲ್ಲ. ಮಂಚವನ್ನೇ ಉರುಳಿಸಿಕೊಂಡು ಆಪರೇಷನ್ ಕೋಣೆಗೆ ಓಡಿದರು. ಉರ್ಕೀದಿ ದಾಮಿಯಾನಾಳ ಮುಂದೆಯೇ ಹಾದುಹೋದರು, ಒಂದು ಮಾತಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಅವಳು ಬಾಗಿಲಿಗೆ ಅಂಟಿಕೊಂಡು ನಿಂತಳು. "ಗುರುವಾರವೇ ಕೊಯ್ದಿದ್ರೆ? ನಾನು ಸುಮ್ಮನಿದ್ದಿದ್ರೆ?" ಎಂದು ಹಲುಬಿದಳು.

ಅಷ್ಟರಲ್ಲಿ ಕಿಟಕಿಯಾಚೆ ಆಕಾಶ ಕಪ್ಪಿಟ್ಟಿತು. ಕಲಾಪಾತದ ಕಡೆಯಿಂದ, ತಳದಲ್ಲಿ ಬಿಳಿ ಗೀಟು ಹೊತ್ತ ಮೋಡ. ಅದು ಆಲಿಕಲ್ಲಿನ ಮೋಡ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ದೋನ್ ಮೆಲಿತೋನ್ ಬಂದು ಅವಳ ಎದುರು ನಿಂತ.

"ಬಾ ತಾಯಿ. ಹೊರಗೆ ನಿಲ್ಲಬೇಕು ನಾವು."

ತನ್ನ ಮೊಮ್ಮಗಳ ವಯಸ್ಸಿನವಳನ್ನು ಅವನು ತಾಯಿ ಎಂದ. ಒಳಗೆ ಅವನ ಹೆಂಡತಿಯ ಹೊಟ್ಟೆ ಕೊಯ್ಯುತ್ತಿದ್ದರು, ಇವನು ಊರಿನ ಆಲೂಗೆ ಮೋಡ ತಡೆಯಲು ಹೊರಟಿದ್ದ. ನನಗೆ ಸಿಟ್ಟು ನೆತ್ತಿಗೇರಿತು. "ಹೆಂಡತಿಗಿಂತ ಗೆಡ್ಡೆ ಹೆಚ್ಚಾಯ್ತಾ?" ಎಂದುಬಿಟ್ಟೆ.

"ಎಚ್ಚರ ಆದಾಗ ಅವಳು ಮೊದಲು ಕೇಳೋದೇ ಅದನ್ನ" ಎಂದ ಅವನು. "ಬಿದ್ದಿದೆ ಅಂದ್ರೆ ಅವಳು ಉಳಿಯಲ್ಲ, ಡಾಕ್ಟ್ರು ಎಷ್ಟು ಹೊಲಿದ್ರೂ."

ದಾಮಿಯಾನಾ ಬಾಗಿಲು ಬಿಟ್ಟಳು. ಆಸ್ಪತ್ರೆಯ ಅಂಗಳದಲ್ಲಿ ಇಬ್ಬರೂ ಮೋಡಕ್ಕೆ ಮುಖ ಕೊಟ್ಟು ನಿಂತರು. ಗಾಳಿ ಎದ್ದು ಲಂಗ ರಪರಪ ಬಡಿಯಿತು. ಆಲಿಕಲ್ಲು ಎಲ್ ಆಲ್ತೊದ ತಗಡಿನ ಮಾಡುಗಳ ಮೇಲೆ ಸದ್ದು ಮಾಡುತ್ತಾ ಬಂದು ಅವರ ಮೇಲೆ ಬಿತ್ತು, ಅವಳ ಮುಖಕ್ಕೆ, ಹೆಗಲಿಗೆ. ಒಳಗೆ ಬಾರೇ ಎಂದು ನಾನು ಮಾಡಿನ ಕೆಳಗಿಂದ ಕಿರುಚಿದೆ. ಅವಳು ಅಲ್ಲಾಡಲಿಲ್ಲ. ಅದನ್ನೆಲ್ಲ ಅವಳು ನಂಬುತ್ತಾಳೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಉರ್ಕೀದಿ ಅಂಗಳಕ್ಕೇ ಹುಡುಕಿಕೊಂಡು ಬಂದಾಗ ಆಲಿಕಲ್ಲು ನಿಂತು ಮಳೆ ಹನಿಯುತ್ತಿತ್ತು. ನೆನೆದು ತೊಪ್ಪೆಯಾಗಿದ್ದ ಅವಳ ಮುಂದೆ ಬಂದು ನಿಂತರು.

"ಒಂದು ತುಂಡು ಕರುಳು ಕಪ್ಪಾಗಿತ್ತು, ತೆಗೆದೆ. ಉಳಿದದ್ದನ್ನ ಜೋಡಿಸಿದ್ದೀನಿ. ಹಿಡಿಯುತ್ತೋ ಬಿಡುತ್ತೋ ಈ ವಾರದಲ್ಲಿ ಗೊತ್ತಾಗುತ್ತೆ." ಹೋಗುವಾಗ ತಿರುಗಿ, "ನೀನು ಬಟ್ಟೆ ಬದಲಾಯಿಸು" ಎಂದರು.

"ಆಗಲ್ಲ ಡಾಕ್ಟ್ರೇ" ಎಂದಳು.

ಆ ವಾರ ನಾವು ಹೇಗೆ ಕಳೆದೆವೋ ದೇವರಿಗೇ ಗೊತ್ತು. ಜ್ವರ ಬಂತು, ಇಳಿಯಿತು, ಮತ್ತೆ ಬಂತು. ಪ್ರತಿ ಬೆಳಿಗ್ಗೆ ನಾನು ವಾರ್ಡಿನ ಬಾಗಿಲಲ್ಲಿ ಮೊದಲು ಆ ಮಂಚ ಖಾಲಿಯಿದೆಯೇ ಎಂದು ನೋಡಿ ಆಮೇಲೆ ಗಾಡಿ ಒಳಗೆ ತಳ್ಳುತ್ತಿದ್ದೆ. ಅಜ್ಜಿ ಎಚ್ಚರಾದವಳೇ ಗಂಡನನ್ನು ಕೇಳಿದ್ದು ಅದನ್ನೇ, ಆಲಿಕಲ್ಲು ಬಿತ್ತೇ ಎಂದು. ಕಲಾಪಾತದಲ್ಲಿ ಬರೀ ಮಳೆ ಬಂದಿತ್ತು. ನಂಬುವವರು ನಂಬಲಿ. ಜ್ವರ ಒಂದು ದಿನ ಇಳಿದದ್ದು ಮತ್ತೆ ಏರಲಿಲ್ಲ. ಹೊಲಿಗೆ ಹಿಡಿಯಿತು. ಮೊದಲು ನೀರು, ಆಮೇಲೆ ಗುಟುಕು ಗುಟುಕು ತಿಳಿಸಾರು.

ಮನೆಗೆ ಕಳಿಸುವ ಮಾತು ಬಂದ ದಿನ ಭೇಟಿಯ ಹೊತ್ತಿಗೆ ಕಲಾಪಾತದವರು ತುಂಬ ಮಂದಿ ಸೇರಿದ್ದರು. ಬಟ್ಟೆ ಹಿಂದಿರುಗಿಸುವುದನ್ನು ನೋಡಲೆಂದೇ ಬಂದಿದ್ದರು. ದಾಮಿಯಾನಾ ಅಜ್ಜಿಯ ಮುಂದೆ ನಿಂತು, "ನಿಮ್ಮದು ನಿಮಗೆ ಅಜ್ಜಿ" ಎಂದು ಭುಜದ ಅವಾಯೊದ ಗಂಟು ಬಿಚ್ಚಿದಳು. ಅವಳ ಪ್ಯಾಂಟು ನನ್ನ ಚೀಲದಲ್ಲಿ ಮಡಚಿ ಸಿದ್ಧವಾಗಿತ್ತು.

ಪೆತ್ರೊನಾ ಅಜ್ಜಿ ಕೈಚಾಚಿ ಲಂಗದ ಅಂಚು ಹಿಡಿದಳು. ಉಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಗಂಡನನ್ನು ನೋಡಿದಳು, ಸುತ್ತ ನಿಂತ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅಂಚನ್ನು ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ ಮಗಳೇ. ನೀನೇ ಇಟ್ಕೋ" ಎಂದಳು. ಆಮೇಲೆ, ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ, ಇಡೀ ಊರಿನ ಮುಂದೆ: "ನಂಗೆ ಹಸಿವಾಗ್ತಿದೆ."

ದೋನ್ ಮೆಲಿತೋನ್ ಪಂಚೊದ ತುದಿಯಿಂದ ಕಣ್ಣೊರೆಸಿಕೊಂಡ. ವರ್ಷ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು. ದಾಮಿಯಾನಾ ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದಳು, ಸಾರು ತಾ ಎಂದು ನನಗೆ ಕಣ್ಣಲ್ಲೇ ಹೇಳಿದಳು. ನಾನು ಅಡುಗೆಮನೆಗೆ ಓಡಿದೆ.